ಮುಖ ಮಸುಕು, ಮಾತು ಕನ್ನಡ

ನಾಶಿಕ
9 ಜೂನ್ 2025

ಚಿರಂಜೀವಿ ಶಶಿಗೆ ಅಕ್ಕ ಅಂಬುಜಾಳ ಆಶೀರ್ವಾದ.

ಕೈಯಲ್ಲಿ ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗುತ್ತಿರಬೇಕು ನೀನು. ನಗು. ನಿನ್ನ ಫೋನು ನಿಮ್ಮ ಜನಸಂಪರ್ಕದ ಆಫೀಸು ಕೊಟ್ಟದ್ದು. ಕೊಟ್ಟವರು ಒಳಗೂ ಇಣುಕುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ. ನನ್ನ ಫೋನಿನ ಮೇಲೂ ಭರವಸೆ ಇಲ್ಲ. ಹೋದ ವರ್ಷ ಒಬ್ಬ ಪುಢಾರಿಗೆ ವಾಟ್ಸಾಪಿನಲ್ಲಿ ಕೇಳಿದ ಪ್ರಶ್ನೆ ಸಂಜೆಯೊಳಗೆ ಸ್ಕ್ರೀನ್‌ಶಾಟ್ ಆಗಿ ಊರೆಲ್ಲ ತಿರುಗಾಡಿ ಬಂತು. ಕಾಗದವಾದರೆ ಆ ಭಯವಿಲ್ಲ, ಅದರಲ್ಲೂ ಕನ್ನಡದ ಕಾಗದ. ನಿಮ್ಮ ಆಫೀಸಿನಲ್ಲಿ ನಿನ್ನನ್ನು ಬಿಟ್ಟು ಇದನ್ನು ಓದುವವರು ಯಾರಿದ್ದಾರೆ? ಚನಬಸಪ್ಪ ಕಾಕಾ ಈರುಳ್ಳಿ ವ್ಯಾಪಾರಕ್ಕೆ ವೈಜಾಪುರದ ಮಾರ್ಗವಾಗಿ ವಾರಕ್ಕೆರಡು ಸಲ ನಿಮ್ಮೂರಿಗೆ ಬರುತ್ತಾರೆ. ಲಕೋಟೆ ಅವರ ಕೈಯಲ್ಲಿ ಕೊಡುತ್ತೇನೆ. ನೀನೂ ಹಾಗೇ ಮಾಡು.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮೂರ ಹತ್ತಿರದ ಬಿಡಕಿನ್ನಿನ ಬಣ್ಣದ ಕಾರ್ಖಾನೆಯಲ್ಲಿ ಹೋದ ತಿಂಗಳು ಮೂವರು ಕೆಲಸಗಾರರು ಮಿಕ್ಸಿಂಗ್ ಶೆಡ್ಡಿನಲ್ಲಿ ಎಚ್ಚರ ತಪ್ಪಿ ಬಿದ್ದರಲ್ಲ, ಅದರ ಬಗ್ಗೆ ಕಂಪನಿ ಪತ್ರಿಕೆಗಳಿಗೆ ಹಂಚಿದ ಪ್ರೆಸ್ ನೋಟ್ ನನ್ನ ಮುಂದೆ ಇದೆ. “ಬಿಸಿಲಿನ ತಾಪದಿಂದ ಉಂಟಾದ ತಾತ್ಕಾಲಿಕ ಆಯಾಸ” ಎಂದಿದೆ. ನೋಟು ಮರಾಠಿಯಲ್ಲಿದ್ದರೂ ಆ ಧಾಟಿ ಎಲ್ಲೋ ಕೇಳಿದ ಹಾಗೆ ಅನ್ನಿಸಿತು. ಚಿಕ್ಕವನಿದ್ದಾಗ ಹಾಲು ಚೆಲ್ಲಿ, “ಬೆಕ್ಕು ಬಂದಿತ್ತು” ಎಂದು ಅಷ್ಟೇ ಹೇಳಿ ನಿಂತುಬಿಡುತ್ತಿದ್ದೆ ನೀನು. ಬೆಕ್ಕು ಚೆಲ್ಲಿತು ಎಂದು ಒಮ್ಮೆಯೂ ಹೇಳುತ್ತಿರಲಿಲ್ಲ. ಆ ನೋಟು ನಿನ್ನದೇ ಏನು? ಹೌದು ಅಥವಾ ಇಲ್ಲ ಎಂದು ಬರೆ, ಸಾಕು.

ಬಿಸಿಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಶೆಡ್ಡಿನ ಗಾಳಿ ಹೊರಹಾಕುವ ಫ್ಯಾನು ಹೋಳಿಯಿಂದ ಕೆಟ್ಟು ನಿಂತಿದೆ, ಥಿನ್ನರಿನ ಹೊಗೆ ಒಳಗೇ ತುಂಬುತ್ತದೆ. ಒಳಗಿನ ಹುಡುಗನೊಬ್ಬ ಮೊಬೈಲಿನಲ್ಲಿ ಎಲ್ಲ ತೋರಿಸಿ, ಎದುರು ಕೂತು ಮಾತಾಡಿದ್ದಾನೆ. ನನ್ನದು ಒಂದು ಖೋಲಿ, ಒಂದು ಟ್ರೈಪಾಡಿನ ಮರಾಠಿ ಚಾನೆಲ್ಲು. ಆದರೆ ಪೇಪರಿನಲ್ಲಿದ್ದಾಗ ಬರೆಯಲು ಬಿಡದ್ದನ್ನು ಇಲ್ಲಿ ಹೇಳುತ್ತೇನೆ, ಜನ ನೋಡುತ್ತಾರೆ. ಇದನ್ನೂ ಹಾಕುತ್ತೇನೆ. ನನಗಿರುವುದು ಒಂದೇ ಚಿಂತೆ, ಆ ಹುಡುಗನ ಅನ್ನಕ್ಕೆ ಕಲ್ಲು ಬೀಳಬಾರದು. ಅವನು ಸಿಕ್ಕಿಬಿದ್ದರೆ ನಾನು ಈ ಕೆಲಸ ಮಾಡಿ ಏನು ಬಂತು?

ಅವ್ವನಿಗೆ ಮೊಣಕಾಲಿನ ಎಣ್ಣೆ ತಪ್ಪಿಸಬೇಡ ಎಂದು ಹೇಳು.

ನಿನ್ನ ಅಕ್ಕ,
ಅಂಬುಜಾ


ಛತ್ರಪತಿ ಸಂಭಾಜಿನಗರ
13 ಜೂನ್ 2025

ಅಕ್ಕನಿಗೆ ಶಶಿಕಾಂತನ ನಮಸ್ಕಾರ.

ನಿನ್ನ ಕಾಗದ ಬಂತು. ಕನ್ನಡ ಬರೆದು ಎಷ್ಟು ವರ್ಷವಾಯಿತೋ, ಒಂದೊಂದು ಒತ್ತಕ್ಷರಕ್ಕೂ ನಿಂತು ನಿಂತು ಹೋಗುತ್ತಿದ್ದೇನೆ. ನೀನು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಲಿಸಿದ್ದಷ್ಟೇ ನನ್ನ ಬಂಡವಾಳ. ತಪ್ಪಿದ್ದರೆ ಬೈಯಬೇಡ. ಲಕೋಟೆಯಲ್ಲಿ ನೀನು ಕಳಿಸಿದ ವಿಭೂತಿಯನ್ನು ಅವ್ವ ಕಣ್ಣಿಗೊತ್ತಿಕೊಂಡು ಹಣೆಗೆ ಹಚ್ಚಿಕೊಂಡಳು. ನಿನಗೆ ಭಕ್ತಿ ಯಾವಾಗ ಬಂತು ಎಂದು ನನಗೇ ಆಶ್ಚರ್ಯ.

ನಮ್ಮ ಕೆಲಸ ಮೊದಲಿನ ಹಾಗಿಲ್ಲ, ಅಕ್ಕ. ನಾನು ಸೇರಿದಾಗ ಸಾಹೇಬರು ನಾಲ್ಕು ಪೇಪರಿನವರನ್ನು ಕರೆದು ಚಹಾ ಕುಡಿಸಿ, ಪೇಢೆಯ ಡಬ್ಬಿಯ ಜೊತೆ ನೋಟು ಕೊಡುತ್ತಿದ್ದರು. ಮರುದಿನ ಒಳಪುಟದ ಮೂಲೆಯಲ್ಲಿ ಬಂದರೆ ಜಗ ಗೆದ್ದಂತೆ. ಈಗ ಗೋಡೆಯ ತುಂಬ ಪರದೆಗಳು. ಯಾವ ಚಾನೆಲ್ಲು, ಯಾವ ಗ್ರೂಪು, ಯಾರು ನಮ್ಮ ಗಿರಾಕಿಗಳ ಬಗ್ಗೆ ಏನೆಂದರು ಎಂದು ಅವು ದಿನವಿಡೀ ಕೆಂಪು, ಹಸಿರು ತೋರಿಸುತ್ತ ಇರುತ್ತವೆ. ಮೊದಲು ಸುದ್ದಿ ಹಾಕಿಸಿ ಪಗಾರ ತೆಗೆದುಕೊಳ್ಳುತ್ತಿದ್ದೆವು, ಈಗ ಹೆಚ್ಚಿನ ಪಾಲು ಸುದ್ದಿ ತೆಗೆಸುವುದಕ್ಕೆ ತೆಗೆದುಕೊಳ್ಳುತ್ತೇವೆ. ಆ ಪರದೆಯ ಮೇಲೆ ನಿನ್ನ ಚಾನೆಲ್ಲಿನ ಹೆಸರೂ ಇದೆ. ಇಷ್ಟು ಸಾಕು, ಹೆಚ್ಚು ಬರೆಯಲಾರೆ.

ಒಂದು ಮಾತು ಕೇಳುತ್ತೇನೆ, ಕಾರಣ ಕೇಳಬೇಡ. ಆ ಹುಡುಗ ವಿಡಿಯೋದಲ್ಲಿ ಯಾವ ಭಾಷೆಯಲ್ಲಿ ಮಾತಾಡಿದ್ದಾನೆ? ಹಾಕುವ ಮೊದಲು ಅದೊಂದು ತಿಳಿಸು.

ನಾಗರಪಂಚಮಿಗೆ ನಾನೇ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ. ಭಾವನವರಿಗೆ ನಮಸ್ಕಾರ.

ನಿನ್ನ ತಮ್ಮ,
ಶಶಿ


ನಾಶಿಕ
17 ಜೂನ್ 2025

ಶಶಿ,

ನಾನು ಯಾವ ವಿಭೂತಿಯನ್ನೂ ಕಳಿಸಿಲ್ಲ.

ನಿನ್ನ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಟಿಸಿದ್ದನ್ನು ಬಿಡಿಸಿ ಮತ್ತೆ ಅಂಟಿಸಿದ ಗುರುತು ಎದ್ದು ಕಾಣುತ್ತದೆ. ಅದರಲ್ಲೂ ಚಿಟಿಕೆ ವಿಭೂತಿ ಇತ್ತು. ನಮ್ಮ ಕಾಗದಗಳನ್ನು ಯಾರೋ ಬಿಚ್ಚುತ್ತಿದ್ದಾರೆ. ಚನಬಸಪ್ಪ ಕಾಕಾ ಅವ್ವನ ತವರಿನ ಕಡೆಯವರು, ನಾವು ಹುಟ್ಟುವ ಮೊದಲಿನಿಂದ ಗೊತ್ತು. ಆದರೂ ಅವರ ಮಗ ಯಾವುದೋ ಕಂಪನಿಯ ಕ್ಯಾಂಟೀನ್ ಕಂತ್ರಾಟು ಹಿಡಿದಿದ್ದಾನೆ ಎಂದು ಕೇಳಿದ್ದೇನೆ. ಯಾವ ಕಂಪನಿ? ವಿಚಾರಿಸುತ್ತೇನೆ.

ನಿನ್ನ ಬಗ್ಗೆಯೂ ನನಗೆ ಸಮಾಧಾನವಿಲ್ಲ. ನಾನು ಹೌದು ಅಥವಾ ಇಲ್ಲ ಕೇಳಿದೆ, ನೀನು ಚಹಾ, ಪೇಢೆ, ಪರದೆ ಎಂದು ಪುಟ ತುಂಬಿಸಿದೆ. ಮೇಲೆ ನನ್ನನ್ನೇ ಪ್ರಶ್ನೆ ಕೇಳುತ್ತೀ. ಯಾವ ಭಾಷೆ ಎನ್ನುವುದು ನಿನಗೇಕೆ ಬೇಕು? ನಿಮ್ಮ ಸಾಹೇಬರಿಗೆ ಬೇಕಾಯಿತೇ? ತಮ್ಮನ ಮೂಲಕ ಅಕ್ಕನನ್ನು ಕೆದಕುವುದೂ ಈಗಿನ ಜನಸಂಪರ್ಕದಲ್ಲಿ ಸೇರಿದೆಯೋ ಏನೋ.

ಹುಡುಗನ ಕಾಳಜಿ ನೀನು ಮಾಡಬೇಡ. ಮುಖ ಮಸುಕು ಮಾಡಿದ್ದೇನೆ, ಧ್ವನಿ ಬದಲಿಸಿದ್ದೇನೆ, ಕೆಳಗೆ ಮರಾಠಿ ಅಕ್ಷರ ಓಡಿಸಿದ್ದೇನೆ. ಇನ್ನೊಂದು ಭದ್ರತೆಯೂ ಇದೆ. ಮೇನ್ ರೋಡಿನ ಸೀರೆ ಅಂಗಡಿಯಲ್ಲಿ ಮರಾಠಿ ಅಂಗಡಿಯವನ ಎದುರಿಗೇ ಅವ್ವ ಏನು ಮಾಡುತ್ತಿದ್ದಳು, ಮರೆತೆಯಾ? “ಮನಸಿಗಿ ಬಂದದ ಅಂತ ಮಾರಿ ಮ್ಯಾಲ ತೋರಸಬ್ಯಾಡ್ರಿ, ಇನ್ನಾ ಇಳಸ್ತಾನ” ಎಂದು ನಮಗೆ ಹೇಳುತ್ತಿದ್ದಳು. ಅವನು ಪಾಪ, ಏನೂ ತಿಳಿಯದೆ ಹಲ್ಲು ಕಿರಿಯುತ್ತಿದ್ದ. ನಾನು ಮಾಡಿದ್ದೂ ಅದನ್ನೇ, ಹುಡುಗನ ಮಾತನ್ನು ಅವನಾಡಿದ ಹಾಗೇ ಬಿಟ್ಟಿದ್ದೇನೆ. ಶುಕ್ರವಾರ ವಿಡಿಯೋ ಹಾಕುತ್ತೇನೆ.

ಅಂಬುಜಾ


ನಾಶಿಕ
4 ಜುಲೈ 2025

ಶಶಿಕಾಂತನಿಗೆ,

ನಿನ್ನಿಂದ ಕಾಗದ ಬಂದಿಲ್ಲ. ವಿಡಿಯೋ ಹಾಕುವ ಹಿಂದಿನ ದಿನ ನಿನ್ನ ಫೋನು ಮೇಲಿಂದ ಮೇಲೆ ಬಂತು. ನಾನು ಬೇಕೆಂದೇ ಎತ್ತಲಿಲ್ಲ. ಹಾಕಬೇಡ ಎಂದು ಹೇಳಲು ಅಲ್ಲದೆ ಮತ್ತೇಕೆ ಮಾಡುತ್ತೀ?

ವಿಡಿಯೋವನ್ನು ಜನ ಚೆನ್ನಾಗಿ ನೋಡುತ್ತಿದ್ದರು. ಮೂರನೇ ದಿನ ಕೆಳಗೆ ಒಂದೇ ಮಾತು ಬೇರೆ ಬೇರೆ ಹೆಸರಿನಲ್ಲಿ ಬೀಳತೊಡಗಿತು: “ಈ ಹೆಂಗಸಿಗೆ ಯಾರು ದುಡ್ಡು ತಿನ್ನಿಸಿದರೋ ಅವರ ಹಾಡು ಹಾಡುತ್ತಾಳೆ.” ಹೆಸರು ನೂರು, ಬರೆದ ಕೈ ಒಂದೇ. ಆಮೇಲೆ ಶೆಡ್ಡಿನ ಚಿತ್ರ ಕಂಪನಿಯ ಸ್ವತ್ತು, ಕದ್ದು ಬಳಸಿದ್ದಾಳೆ ಎಂದು ದೂರು ಹೋಯಿತು. ವಿಡಿಯೋ ಮಾಯವಾಯಿತು. ಚಾನೆಲ್ಲಿಗೆ ತಿಂಗಳ ಮಟ್ಟಿಗೆ ಬೀಗ ಬಿದ್ದಿದೆ. ನನ್ನ ಮಾತು ತಪ್ಪೆಂದು ಯಾರೂ ಹೇಳಲಿಲ್ಲ. ಮಾತಾಡಲು ಜಾಗವೇ ಇಲ್ಲದಂತೆ ಮಾಡಿದರು, ಅಷ್ಟೇ. ಅದನ್ನು ನಾನು ತಡೆದುಕೊಂಡೇನು.

ನಿನ್ನೆ ಆ ಹುಡುಗನಿಂದ ಸಂದೇಶ ಬಂತು. “ಕೆಲ್ಸ ಹೋಯ್ತ್ರಿ ಅಕ್ಕೋರ. ನೀವು ಮನಸಿಗಿ ಹಚ್ಕೋಬ್ಯಾಡ್ರಿ.” ಆಮೇಲೆ ಫೋನು ಬಂದ್. ಬಿಡಕಿನ್ನಿನ ಖೋಲಿಯನ್ನೂ ಖಾಲಿ ಮಾಡಿದ್ದಾನೆ.

ಈಗ ಹೇಳು. ಬಸವ ಜಯಂತಿಯ ದಿನ ನಿಮ್ಮೂರಿನ ನಮ್ಮವರ ಕಾರ್ಯಕ್ರಮದಲ್ಲಿ, ಹುಗ್ಗಿ ಬಡಿಸುವ ಸಾಲಿನಲ್ಲಿ ನಾನು ಇದೇ ಹುಡುಗನ, ಆಳಂದ ಕಡೆಯ ಯಲ್ಲಾಲಿಂಗನ ಜೊತೆ ಬಹಳ ಹೊತ್ತು ಮಾತಾಡುತ್ತ ನಿಂತಿದ್ದೆ. ತಟ್ಟೆ ಹಿಡಿದು ನನ್ನ ಹಿಂದೆ ನಿಂತಿದ್ದವನು ನೀನೊಬ್ಬನೇ. ವಿಡಿಯೋದ ಮಾತು ಕನ್ನಡ ಎಂದು ಗುರುತು ಹಿಡಿಯಬಲ್ಲವನೂ ಆ ಆಫೀಸಿನಲ್ಲಿ ನೀನೊಬ್ಬನೇ. ಮುಂದಿನದನ್ನು ನಾನು ಕೂಡಿಸಿ ನೋಡಬಾರದೇ?

ಪಂಚಮಿಗೆ ನನ್ನನ್ನು ಕರೆಯಲು ಬರಬೇಡ. ಅವ್ವನಿಗೆ ಏನು ಕಾರಣ ಹೇಳುತ್ತೀಯೋ ಹೇಳು. ಕಾರಣ ಹೊಂದಿಸುವುದು ನಿನಗೆ ಕಷ್ಟವಲ್ಲ.

ಅಂಬುಜಾ


ಛತ್ರಪತಿ ಸಂಭಾಜಿನಗರ
9 ಜುಲೈ 2025

ಅಕ್ಕ,

ಯಲ್ಲಾಲಿಂಗನ ಹೆಸರು ನಾನು ಹೇಳಿಲ್ಲ. ಅವ್ವನ ಆಣೆ.

ದೂರು ಕೊಟ್ಟದ್ದು ನಮ್ಮ ಆಫೀಸೇ. ಆ ನೂರು ಹೆಸರುಗಳೂ ನಮ್ಮ ಆಫೀಸಿನವೇ. ಅವನ್ನು ನೋಡಿಕೊಳ್ಳುವ ಹುಡುಗರು ಬೇರೆ ಕೋಣೆಯಲ್ಲಿ ಕೂಡುತ್ತಾರೆ. ನಾನು ಅವರ ಜೊತೆ ಚಹಾ ಕುಡಿಯುತ್ತೇನೆ. ಇದನ್ನು ಮುಚ್ಚಿಡುವುದಿಲ್ಲ.

ಹೇಳಬೇಕಾದದ್ದು ಇನ್ನೊಂದಿದೆ. ಬರೆಯಲು ಕೂತಾಗಲೆಲ್ಲ ಕೈ ನಿಲ್ಲುತ್ತದೆ. ನೀನು ನನ್ನ ಮೇಲೆ ಹೊರಿಸಿದ ತಪ್ಪು ನನ್ನದಲ್ಲ. ಹಾಗೆಂದು ನನ್ನ ಕೈ ಶುದ್ಧವಾಗಿದೆ ಎಂದೂ ಹೇಳಲಾರೆ.

ಅವ್ವ ಪಂಚಮಿಯ ಉಂಡಿಗೆಂದು ಈಗಲೇ ಎಳ್ಳು, ಶೇಂಗಾ ತರಿಸಿ ಇಟ್ಟಿದ್ದಾಳೆ. ನೀನು ಬರುವುದಿಲ್ಲ ಎಂದು ನಾನು ಇನ್ನೂ ಹೇಳಿಲ್ಲ.

ಶಶಿ


ನಾಶಿಕ
19 ಜುಲೈ 2025

ಶಶಿ,

ಕುಳಿತು ಓದು. ಅವ್ವ ಹತ್ತಿರ ಇದ್ದರೆ ಗಟ್ಟಿಯಾಗಿ ಓದಬೇಡ.

ನಿನ್ನೆ ನಾನು ವೈಜಾಪುರಕ್ಕೆ ಹೋಗಿದ್ದೆ. ಬೆಳಿಗ್ಗೆ ಇಲ್ಲೇ ನಾಶಿಕದಲ್ಲಿ, ಕಂತ್ರಾಟಿನ ವಿಷಯ ಬಾಯಿ ಬಿಡಿಸೋಣ ಎಂದು ಚನಬಸಪ್ಪ ಕಾಕಾನನ್ನು ಹಿಡಿದುಕೊಂಡಿದ್ದೆ. ಮಗನ ಕ್ಯಾಂಟೀನು ಶಿರ್ಡಿಯ ಯಾವುದೋ ಹಾಸ್ಟೆಲಿನದಂತೆ. ಹಾಗಾದರೆ ಲಕೋಟೆ ಏಕೆ ಬಿಚ್ಚುತ್ತೀರಿ ಎಂದು ನೇರ ಕೇಳಿದೆ. ಕಾಕಾ ಸ್ವಲ್ಪವೂ ಅಳುಕಲಿಲ್ಲ.

“ಅಕ್ಕ ತಮ್ಮಗ ಬರೀ ಕಾಗ್ದ ಕಳಸೂದು ಚಲೋ ಅಲ್ಲವ್ವ. ತ್ರ್ಯಂಬಕೇಶ್ವರದ್ದು ಚಿಟಿಕಿ ಇಭೂತಿ ಹಾಕಿ ಮತ್ತ ಅಂಟ ಹಚ್ಚತೀನಿ.”

“ಓದಿದ್ರೇನು ಕಾಕಾ?”

“ನನಗೆಲ್ಲಿ ಕನ್ನಡ ಓದಾಕ ಬರ್ತದವ್ವ? ನಾ ಮರಾಠಿ ಸಾಲಿ ಕಲ್ತಾಂವ.”

ನಾಚಿಕೆಯಾಯಿತು. ಅಷ್ಟರಲ್ಲಿ ಅವರೇ ಮಾತು ತೆಗೆದರು. ನಮ್ಮ ಕಡೆಯ ಹುಡುಗನೊಬ್ಬ ಕೆಲಸ ಕೇಳಿಕೊಂಡು ಬಂದಿದ್ದನಂತೆ, ವೈಜಾಪುರದ ಮಾರುಕಟ್ಟೆಯಲ್ಲಿ ಚೀಲ ಎತ್ತುವುದಕ್ಕೆ ಹಚ್ಚಿದ್ದಾರಂತೆ. ಹೆಸರು ಯಲ್ಲಾಲಿಂಗ. ನಾನು ಅಲ್ಲಿಂದಲೇ ವೈಜಾಪುರಕ್ಕೆಂದು ಅವರ ಗಾಡಿ ಹತ್ತಿದೆ.

ಹುಡುಗ ಸೊರಗಿದ್ದಾನೆ, ಆದರೆ ನನ್ನನ್ನು ನೋಡಿ ನಕ್ಕ. ಯಾರು ನಿನ್ನ ಹೆಸರು ಹೇಳಿದರು ಎಂದು ಕೇಳಿದೆ.

“ಯಾರೂ ಹೇಳಿಲ್ರಿ ಅಕ್ಕೋರ. ನಾನೇ ಹೋಗಿ ಹೇಳ್ದೆ.”

“ಯಾಕೋ?”

“ಅದು ತೆಲುಗು ಮಾತು ಅಂತ ಯಾರೋ ಸಾಹೇಬ್ರಿಗಿ ಹೇಳಿದ್ರಂತ್ರಿ. ನಮ್ಮಲ್ಲಿ ದೇಗಲೂರ ಕಡಿ ಹುಡುಗ್ರು ಇಬ್ಬರಿದ್ರು, ಮನ್ಯಾಗ ತೆಲುಗು ಮಾತಾಡವ್ರು. ಅವರ್ನ ಕರದು ಕುಂದ್ರಿಸಿ ಅದನ್ನ ಕೇಳ್ಸಿದ್ರು. ಇದು ನಮ್ಮ ಮಾತಲ್ಲ ಸಾಹೇಬ್ರ ಅಂತ ಕಾಲ್ ಹಿಡದ್ರರಿ ಅವ್ರು. ಯಾರು ನಂಬ್ತಾರ? ಗೇಟಿನ ಹೊರಗ ಹಾಕಿದ್ರು. ನಾ ಒಂದೆರಡ ದಿನ ಸುಮ್ನಿದ್ದೆ. ತುತ್ತು ಇಳೀಲಿಲ್ರಿ. ಕಡೀಗಿ ಹೋಗಿ, ಅದು ಕನ್ನಡ, ಇಲ್ಲಿ ಕನ್ನಡದಾಂವ ನಾ ಒಬ್ನೇ ಅಂತ ಹೇಳ್ದೆ.”

ಅವರಿಬ್ಬರನ್ನು ಮತ್ತೆ ತೆಗೆದುಕೊಂಡರೇ ಎಂದು ಕೇಳಿದೆ. ಇಲ್ಲವಂತೆ. ಮೂವರೂ ಒಂದೇ ಗ್ಯಾಂಗು ಎಂದು ಅಂದರಂತೆ.

ಬರುವ ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ “ಕನ್ನಡದಾಂವ ನಾ ಒಬ್ನೇ” ಎಂಬುದೇ ಕೇಳುತ್ತಿತ್ತು. ಸೀರೆ ಅಂಗಡಿಯ ಉಪಾಯ ಎಂದು ಎಷ್ಟು ಜಂಬದಿಂದ ಬರೆದಿದ್ದೆ ನಿನಗೆ! ಕನ್ನಡ ಯಾರಿಗೂ ತಿಳಿಯದು ಎಂದಷ್ಟೇ ನೋಡಿದೆ. ಯಾರಿಗೂ ತಿಳಿಯದ ಜಾಗದಲ್ಲಿ ಅದನ್ನು ಆಡುವವನು ಒಬ್ಬನೇ ಇರುತ್ತಾನೆ ಎಂದು ಹೊಳೆಯಲಿಲ್ಲ. ನೀನು ಯಾವ ಭಾಷೆ ಎಂದು ಕೇಳಿದ್ದು ಅದಕ್ಕೇ, ಅಲ್ಲವೇ? ನಾನು ಅದನ್ನು ಚಾಡಿಯ ಮಾತೆಂದು ತಿಳಿದೆ. ತಪ್ಪಾಯಿತು, ಶಶಿ.

ಇನ್ನೊಂದು ಪ್ರಶ್ನೆ ಉಳಿಯಿತು. ಅದು ತೆಲುಗು ಎಂದು ಸಾಹೇಬರಿಗೆ ಹೇಳಿದವರು ಯಾರು? ಈ ಸಲವಾದರೂ ಸುತ್ತು ಬಳಸಬೇಡ.

ಅಕ್ಕ


ಛತ್ರಪತಿ ಸಂಭಾಜಿನಗರ
22 ಜುಲೈ 2025

ಅಕ್ಕನಿಗೆ,

ನಾನು.

ಸೀರೆ ಅಂಗಡಿಯ ಸಾಲು ಓದಿದ ಕೂಡಲೇ ಅವನ ಮಾತು ಕನ್ನಡವೇ ಎಂದು ತಿಳಿಯಿತು. ಅದಕ್ಕೇ ಫೋನಿನ ಮೇಲೆ ಫೋನು ಮಾಡಿದೆ. ಮೊದಲ ಕಾಗದದಲ್ಲೇ ಬಿಡಿಸಿ ಬರೆಯಬೇಕಿತ್ತು, ನನ್ನ ಕೈಬರಹ ಯಾರ ಕೈಗಾದರೂ ಸಿಕ್ಕರೆ ಎಂದು ಅಂಜಿದೆ.

ವಿಡಿಯೋ ಬಂದ ಮರುವಾರ ಸಾಹೇಬರು ಕ್ಯಾಬಿನ್ನಿಗೆ ಕರೆದು ಅದನ್ನು ಹಚ್ಚಿದರು. ಕಾರ್ಖಾನೆಯವನೊಬ್ಬ ಎದುರಿಗೆ ಕೂತಿದ್ದ. “ಶಶೀ, ಹೀ ತುಝೀ ಭಾಷಾ ಆಹೇ ಕಾ?” ಎಂದರು. ನನ್ನ ಭಾಷೆಯೇ ಇದು ಎಂದು ಕೇಳುತ್ತಿದ್ದಾರೆ, ಪರದೆಯ ಮೇಲೆ ಯಲ್ಲಾಲಿಂಗ ನಮ್ಮ ಮನೆಯ ಮಾತಿನಲ್ಲಿ ಹೊಗೆಯ ಬಗ್ಗೆ ಹೇಳುತ್ತಿದ್ದಾನೆ. ಅಲ್ಲ ಎಂದೆ. ಹಾಗಾದರೆ ಯಾವುದು ಎಂದರು. ಬಾಯಿಗೆ ಬಂದದ್ದು ತೆಲುಗು. ಆ ಹೊತ್ತಿಗೆ ನಾನು ದೊಡ್ಡ ಕೆಲಸ ಮಾಡಿದೆ ಎಂದೇ ಅನ್ನಿಸಿತು. ಅಕ್ಕನ ಹುಡುಗನನ್ನು ಉಳಿಸಿದೆ ಎಂದುಕೊಂಡು ಬೈಕಿನಲ್ಲಿ ಮನೆಗೆ ಬಂದೆ. ಆ ಕಾರ್ಖಾನೆಯಲ್ಲಿ ತೆಲುಗಿನವರೂ ಇರಬಹುದು ಎಂದು ನನಗೆ ತೋಚಲೇ ಇಲ್ಲ.

ಆ ಇಬ್ಬರನ್ನು ತೆಗೆದ ಸುದ್ದಿ ನನ್ನ ಮೇಜಿಗೇ ಬಂತು. “ಶಿಸ್ತು ಉಲ್ಲಂಘನೆಯ ಕಾರಣಕ್ಕೆ” ಎಂದು ನೋಟು ತಯಾರಿಸಬೇಕಿತ್ತು. ತಯಾರಿಸಿದೆ. ನಿಜ ಹೇಳಿದರೆ ಯಲ್ಲಾಲಿಂಗ ಹೋಗುತ್ತಾನೆ, ಹೇಳದಿದ್ದರೆ ಅವರು ಹೋಗುತ್ತಾರೆ ಎಂದು ಲೆಕ್ಕ ಹಾಕುತ್ತ ಕೂತೆ. ನಾನು ಹಾಗೆ ಕೂತಿದ್ದಾಗಲೇ ಅವನು ಎದ್ದುಹೋಗಿ ಹೇಳಿಬಿಟ್ಟನಲ್ಲ, ಅಕ್ಕ.

ನೀನು ಜೂನಿನಲ್ಲಿ ಕೇಳಿದ್ದಕ್ಕೆ ಉತ್ತರ: ಹೌದು. ಬಿಸಿಲಿನ ಆಯಾಸ ನನ್ನದೇ ಮಾತು. ಬರೆಯುವಾಗ ಫ್ಯಾನಿನ ವಿಷಯ ನನಗೆ ಗೊತ್ತಿತ್ತು.

ಸೋಮವಾರ ನಿನ್ನಲ್ಲಿಗೆ ಬರುತ್ತೇನೆ. ಟ್ರೈಪಾಡು ಸಿದ್ಧವಾಗಿಡು. ಫ್ಯಾನು ಕೆಟ್ಟದ್ದು ಗೊತ್ತಿದ್ದೂ ಬಿಸಿಲು ಎಂದು ಬರೆದವನು ನಾನು, ಆ ಧ್ವನಿ ತೆಲುಗು ಎಂದು ಸುಳ್ಳು ಹೇಳಿದವನು ನಾನು, ದೇಗಲೂರಿನ ಹುಡುಗರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳುತ್ತೇನೆ. ಕನ್ನಡದಲ್ಲಿ ಬೇಡ, ಮರಾಠಿಯಲ್ಲಿ ಹೇಳುತ್ತೇನೆ, ಎಲ್ಲರಿಗೂ ತಿಳಿಯಲಿ. ನಿನ್ನ ಚಾನೆಲ್ಲಿನ ಬೀಗ ತೆಗೆದ ದಿನ ಹಾಕು. ಮುಖ ಮಸುಕು ಮಾಡಬೇಡ.

ಆಮೇಲೆ ಈ ಕೆಲಸ ನನಗೆ ಇರುವುದಿಲ್ಲ. ಈ ಊರಿನ ಬೇರೆ ಯಾವ ಏಜೆನ್ಸಿಯೂ ಬಾಗಿಲು ತೆಗೆಯುವುದಿಲ್ಲ. ಅವ್ವನಿಗೆ ಎಲ್ಲ ಹೇಳಿದೆ. ಶೇಂಗಾ ಹುರಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. “ಮೂರು ಮಂದಿ ಹೊಟ್ಟಿ ಮ್ಯಾಲ ಹೊಡದು ಈ ಮನ್ಯಾಗ ಉಂಡಿ ಹ್ಯಾಂಗ ಕಟ್ಟಬೇಕೋ? ಜಲ್ದಿ ಹೋಗು” ಎಂದಳು.

ಶಶಿ


ನಾಶಿಕ
25 ಜುಲೈ 2025

ಶಶಿ,

ನಿನ್ನ ಕಾಗದ ಓದಿ ನನಗೆ ಮೊದಲು ಏನನ್ನಿಸಿತು, ಹೇಳಲೇ? ಇದನ್ನು ಅವನ ಸಾಹೇಬರೇ ಬರೆಸಿದ್ದಾರೆ ಎನ್ನಿಸಿತು. ನನ್ನ ಚಾನೆಲ್ಲಿನಲ್ಲಿ ಒಂದು ತಪ್ಪೊಪ್ಪಿಗೆ ಹೇಳಿಸಿ, ನಾಳೆ ಅದೇ ಸುಳ್ಳೆಂದು ಸಾಧಿಸಿ, ಚಾನೆಲ್ಲನ್ನು ಪೂರ್ತಿ ಮುಚ್ಚಿಸಲು ಹೂಡಿದ ಆಟ ಎಂದು. ಮತ್ತೊಮ್ಮೆ ಓದಿದೆ. ಆಗಲೂ ಹಾಗೇ ಅನ್ನಿಸಿತು. ಮಡಿಸಿ ಒಳಗಿಡಲು ಹೋದಾಗ ಕಾಕಾನ ವಿಭೂತಿ ಸೆರಗಿನ ಮೇಲೆ ಉದುರಿತು. ಆಗ ಅಳು ಬಂತು. ಎತ್ತಿ ಆಡಿಸಿದ ತಮ್ಮನ ಕಾಗದವನ್ನು ಬೆಳಕಿಗೆ ಹಿಡಿದು ನೋಡುವ ಕಾಲ ಬಂತಲ್ಲ.

ಸುಳ್ಳು ಹೇಳುವುದಿಲ್ಲ, ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ನೀನು ಮಾಡುವ ಕೆಲಸ, ನಾನು ಮಾಡುವ ಕೆಲಸ ಎರಡೂ ನಮ್ಮನ್ನು ಹೀಗೆ ಮಾಡಿಟ್ಟಿವೆ. ಕ್ಯಾಮೆರಾ ಮುಂದೆ ಕೂತಾಗ ನಿನ್ನನ್ನೂ ಬೇರೆಯವರನ್ನು ಕೇಳಿದ ಹಾಗೇ ಕೇಳುತ್ತೇನೆ. ನಾನೂ ಪಕ್ಕದಲ್ಲಿ ಕೂತು, ಮಾತನ್ನು ಕನ್ನಡದಲ್ಲೇ ಬಿಟ್ಟು ಆ ಹುಡುಗನನ್ನು ಬಯಲಿಗೆ ತಂದವಳು ನಾನು ಎಂದು ಹೇಳುತ್ತೇನೆ.

ಬಾ. ಅದು ಮುಗಿದ ಮೇಲೆ ನಿನ್ನ ಜೊತೆ ಪಂಚಮಿಗೆ ಬರುತ್ತೇನೆ.

ಅವ್ವನಿಗೆ ಹೇಳು, ಈ ಸಲ ಉಂಡಿ ಮೂರು ಡಬ್ಬಿ ಹೆಚ್ಚಿಗೆ ಕಟ್ಟಬೇಕು. ಒಂದು ವೈಜಾಪುರಕ್ಕೆ, ಎರಡು ದೇಗಲೂರಿಗೆ. ಕಾಕಾನ ಕೈಯಲ್ಲಿ ಕಳಿಸುವುದಿಲ್ಲ. ಮನೆ ಹುಡುಕಿ, ನಿನ್ನ ಹೆಸರು ಹೇಳಿ, ನೀನೇ ಕೊಟ್ಟು ಬರಬೇಕು.

ನಿನ್ನ ಅಕ್ಕ,
ಅಂಬುಜಾ